ಸಣ್ಣಗೆ ಬಿಟ್ಟ ನಲ್ಲಿ

ಸ್ಯಾನ್ ಹೊಸೆಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ರೂಮ್‌ಮೇಟು ಬೆಳಗ್ಗೆ ಹೇರ್ ಡ್ರೈಯರು ಹಚ್ಚಿದಳೆಂದರೆ ಧೂಳು ಕಾದು ಸುಟ್ಟಂಥ ಒಂದು ವಾಸನೆ ಬರುತ್ತದೆ. ಅದು ಮೂಗಿಗೆ ತಾಕಿದ ಮರುಗಳಿಗೆ ನನಗೆ ಹಸಿ ಎಳ್ಳಿನ ವಾಸನೆಯೂ ಬರುತ್ತದೆ. ಮನೆಯಲ್ಲಿ ಎಳ್ಳು ಇಲ್ಲ. ಎರಡು ಸಲ ಅಡುಗೆಮನೆಯ ಡಬ್ಬಿಗಳನ್ನೆಲ್ಲ ತೆಗೆದು ನೋಡಿದ್ದೇನೆ, ಏಕೆಂದರೆ ಪುರಾವೆಯಿಲ್ಲದೆ ನಾನು ಏನನ್ನೂ ನಂಬುವುದಿಲ್ಲ, ನನ್ನ ಮೂಗನ್ನೂ. ಇಂದು ಬೆಳಗ್ಗೆಯೂ ಹಾಗೇ ಆಯಿತು. ಫೋನು ನೋಡಿದರೆ, ಸುತ್ತಲಿನ ಗುಡ್ಡಗಳ ಕಡೆ ಹಿಮ ಬೀಳುವಷ್ಟಲ್ಲದಿದ್ದರೂ ನೀರು ಹೆಪ್ಪುಗಟ್ಟುವಷ್ಟು ಚಳಿ ಇದೆ, ಪೈಪುಗಳನ್ನು ನೋಡಿಕೊಳ್ಳಿ ಎಂಬ ಎಚ್ಚರಿಕೆ.

ಇದನ್ನು ಓದಿ ನಿಮಗೆ ನಗು ಬಂದಿರಬಹುದು. ಬೇ ಏರಿಯಾದಲ್ಲಿ ನೀರು ಹೆಪ್ಪುಗಟ್ಟುವುದೇ? ಇಲ್ಲಿ ಜನ ಡಿಸೆಂಬರಿನಲ್ಲೂ ಹಾಫ್ ಪ್ಯಾಂಟು ಹಾಕಿಕೊಂಡು ಗ್ರೋಸರಿಗೆ ಹೋಗುತ್ತಾರೆ. ನಾನೂ ಒಂದು ಕಾಲದಲ್ಲಿ ಹೀಗೇ ನಕ್ಕವಳು. ಬರೀ ನಕ್ಕಿದ್ದರೆ ಚಿಂತೆಯಿರಲಿಲ್ಲ, ವಾದಿಸಿ ಗೆದ್ದೂ ಇದ್ದೆ.

ಗೆಲ್ಲುವುದು ನನಗೆ ಸಣ್ಣಂದಿನ ಚಟ. ಧಾರವಾಡದ ಕಾಲೇಜಿನಲ್ಲಿ ನಾಲ್ಕು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿದ್ದೇನೆ. ಚೀಟಿ ಎತ್ತಬೇಕು, ‘ಪರ’ ಬಂದರೆ ಪರ, ‘ವಿರೋಧ’ ಬಂದರೆ ವಿರೋಧ. ನೀವು ನಿಜಕ್ಕೂ ಏನು ನಂಬುತ್ತೀರಿ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಗೆದ್ದು ತಂದ ಫಲಕಗಳಲ್ಲಿ ದೊಡ್ಡದೊಂದನ್ನು ಅವ್ವ ಇಂದಿಗೂ ಜೋಳದ ಹಿಟ್ಟಿನ ಡಬ್ಬಿಯ ಮೇಲೆ ಮುಚ್ಚಿದ್ದಾಳೆ. ಡಬ್ಬಿಯ ಮೂಲ ಮುಚ್ಚಳಕ್ಕಿಂತ ಬಿಗಿಯಾಗಿ ಕೂಡುತ್ತದಂತೆ. ನನ್ನ ವಾಕ್ಚಾತುರ್ಯದಿಂದ ಮನೆಗಾದ ಒಂದೇ ಉಪಕಾರ ಅದು.

ಮಾಸ್ಟರ್ಸ್ ಓದಲು ನಾನು ಬೇ ಏರಿಯಾದ ಹೇವರ್ಡಿಗೆ ಬಂದಾಗ ಇಲ್ಲಿ ನನಗೆಂದು ಇದ್ದ ಒಂದು ಮನೆ ನನ್ನ ಸೋದರತ್ತೆಯದು. ಹೇವರ್ಡಿನಿಂದ ಪೂರ್ವಕ್ಕೆ ಗುಡ್ಡ ಹತ್ತಿ ಆಚೆ ಇಳಿದರೆ, ಫೋನಿಗೆ ಸಿಗ್ನಲು ಸಿಗದ ಒಂದು ತಗ್ಗಿನಲ್ಲಿ, ಐದು ಎಕರೆ ಒಣಹುಲ್ಲು, ಹನ್ನೊಂದು ಓಕ್ ಮರ, ನಾಲ್ಕು ಆಡುಗಳ ನಡುವೆ ಆ ಮನೆ. ಅತ್ತೆ ವಾಲ್ನಟ್ ಕ್ರೀಕಿನಲ್ಲಿ ಫಾರ್ಮಸಿಸ್ಟು, ಮಾಮಾ ಸ್ಯಾನ್ ಹೊಸೆಯಲ್ಲಿ ಇಂಜಿನಿಯರು. ಇಬ್ಬರ ಆಫೀಸಿಗೂ ದೂರವಾಗುವಂಥ ಜಾಗವನ್ನು ಅಷ್ಟು ನಿಖರವಾಗಿ ಹುಡುಕುವುದು ಸುಲಭದ ಕೆಲಸವಲ್ಲ. ಹುಡುಕಿದವಳು ಅತ್ತೆ. ಕಾರಣ ಒಂದೇ: ಆ ಜಾಗದಲ್ಲಿ ಸ್ವಂತ ಬೋರ್‌ವೆಲ್ ಇತ್ತು.

ಅತ್ತೆ ಹುಟ್ಟಿ ಬೆಳೆದದ್ದು ವಿಜಯಪುರದಲ್ಲಿ, ಎಂಟು ದಿನಕ್ಕೊಮ್ಮೆ ನಳ ಬರುತ್ತಿದ್ದ ಓಣಿಯಲ್ಲಿ. ನಳ ಬಂದ ದಿನ ಸಾಲೆ ಬಿಟ್ಟು ಕೊಡ ಹಿಡಿದು ಪಾಳಿಯಲ್ಲಿ ನಿಂತವಳು. ಆ ಮನೆಗೆ ನಾನು ಮೊದಲ ಸಲ ಹೋದಾಗ ಆಕೆ ತೋಟ ತೋರಿಸಲಿಲ್ಲ, ಆಡು ತೋರಿಸಲಿಲ್ಲ, ನೇರ ಅಡುಗೆಮನೆಗೆ ಕರೆದೊಯ್ದು ನಲ್ಲಿ ತಿರುಗಿಸಿದಳು.

“ನೋಡು,” ಅಂದಳು. “ಈ ನೀರಿಗೆ ಪಾಳಿ ಇಲ್ಲ. ಯಾವ ಮುನಸಿಪಾಲ್ಟಿಯವ ಬಂದು ಬಿಡಬೇಕಾಗಿಲ್ಲ. ನಂದು ಇದು.”

ಅಂದು ಮರುಗಳಿಗೆಯೇ ನಲ್ಲಿ ಬಂದ್ ಮಾಡಿದಳು. ನೀರು ತೋರಿಸುವುದಕ್ಕೂ ಒಂದು ಮಿತಿ ಇದೆಯಲ್ಲ.

ಇಷ್ಟೆಲ್ಲ ಇದ್ದೂ ಒಲೆಯ ಪಕ್ಕ ಎರಡು ಸ್ಟೀಲಿನ ಕೊಡ, ಮೂರು ಬಕೆಟು, ಒಂದು ಹಳೆಯ ಪ್ರೆಶರ್ ಕುಕ್ಕರು ಸದಾ ನೀರು ತುಂಬಿಕೊಂಡು ಕೂತಿರುತ್ತಿದ್ದವು. “ಅತ್ತಿ, ಮ್ಯಾಲ ಗುಡ್ಡದಾಗ ಆನಿಯಷ್ಟು ದೊಡ್ಡ ಟ್ಯಾಂಕ್ ಐತಿ. ಇವ್ಯಾಕ?” ಎಂದು ಕೇಳಿದೆ. “ಇರ್ಲಿ ಬಿಡು, ಇವೇನು ನಿನಗ ಅನ್ನ ಕೇಳ್ತಾವೇನು?” ಅಂದಳು. ಇದು ತರ್ಕವಲ್ಲ ಎಂದೆ. ಅಲ್ಲ ಎಂದು ಆಕೆಯೂ ಒಪ್ಪಿದಳು. ಕೊಡ ಅಲ್ಲೇ ಇದ್ದವು.

ಮಾಮಾ ಮೈಸೂರಿನವರು. ಮೆಲುಮಾತಿನ ಮನುಷ್ಯ. ಮನೆ ಅಂದರೆ ಬಾಗಿಲು ತೆಗೆದರೆ ಪಕ್ಕದವರ ಬಾಗಿಲು ಕಾಣಬೇಕು, ಸಂಜೆ ನಡೆದು ಹೋಗಿ ಕಾಫಿ ಪುಡಿ ತರುವಂತಿರಬೇಕು ಎಂದು ನಂಬಿದವರು. ಅವರಿಗೆ ಸ್ಯಾನ್ ಹೊಸೆಯಲ್ಲಿ ಲೈಟ್ ರೈಲಿನ ಹತ್ತಿರ ಒಂದು ಪುಟ್ಟ ಟೌನ್‌ಹೌಸಿನ ಮೇಲೆ ಕಣ್ಣಿತ್ತು. ದಿನಾ ಫ್ರೀವೇಯಲ್ಲಿ ಒಂದೂವರೆ ಗಂಟೆ ಕೂತು ಬಂದು, ಕತ್ತಲಲ್ಲಿ ಆಡುಗಳ ಕಣ್ಣು ಹೊಳೆಯುವುದನ್ನು ನೋಡಿ, “ಪದ್ದು, ನಾನೇನು ಪಾಪ ಮಾಡಿದ್ದೆ ಅಂತ ಇಲ್ಲಿಗೆ ಬಂದು ಬಿದ್ದೆ?” ಎನ್ನುತ್ತಿದ್ದರು.

ಗಂಡಹೆಂಡತಿ ನಡುವೆ ಒಂದು ಕರಾರು ಆಗಿತ್ತು. ಮೂರು ಚಳಿಗಾಲ ಇಲ್ಲಿರುವುದು. ಮೂರರಲ್ಲಿ ಒಂದು ಚಳಿಗಾಲವಾದರೂ ನೀರು ನಿಲ್ಲದೆ ನಡೆದರೆ ಮನೆ ಅತ್ತೆಯ ಇಷ್ಟದಂತೆ ಉಳಿಯುತ್ತದೆ. ಮೂರರಲ್ಲೂ ನಿಂತರೆ ಮಾರಿ ಸ್ಯಾನ್ ಹೊಸೆಗೆ ಹೋಗುವುದು. ನಗಬೇಡಿ, ಆ ತಗ್ಗಿನ ಗುಣವೇ ಹಾಗೆ. ಹಗಲು ಚೆನ್ನಾಗಿ ಬಿಸಿಲು ಬೀಳುತ್ತದೆ. ಸೂರ್ಯ ಮುಳುಗಿದ್ದೇ ಸುತ್ತಲ ಗುಡ್ಡಗಳ ಚಳಿಯೆಲ್ಲ ಇಳಿದು ಬಂದು ತಟ್ಟೆಯಲ್ಲಿ ನೀರು ನಿಂತಂತೆ ಅಲ್ಲಿ ನಿಲ್ಲುತ್ತದೆ. ಮೊದಲ ಚಳಿಗಾಲ ಗೋಡೆಗೆ ಹೊಂದಿಕೊಂಡ ಪೈಪು ಒಡೆದಿತ್ತು. ಎರಡನೆಯದರಲ್ಲಿ ಪಂಪಿನ ಸ್ವಿಚ್ಚಿಗೆ ಹೋಗುವ, ಕಿರುಬೆರಳಿನಷ್ಟು ಸಣ್ಣ ಕೊಳವೆಯೊಳಗೆ ನೀರು ಗಟ್ಟಿಯಾಗಿ, ಮನೆಯಲ್ಲಿ ನೀರಿಲ್ಲ ಎಂಬ ಸುದ್ದಿ ಪಂಪಿಗೆ ಮುಟ್ಟಲೇ ಇಲ್ಲ. ನಾನು ಬಂದದ್ದು ಮೂರನೆಯದಕ್ಕೆ.

“ನೀ ಡಿಬೇಟ್ ಮಾಡಿದಾಕಿ, ಪಂಚಾಯ್ತಿಗೆ ನೀನಽ ಕೂಡು,” ಎಂದು ಅತ್ತೆ ನನ್ನನ್ನು ನ್ಯಾಯ ಹೇಳುವವಳನ್ನಾಗಿ ನೇಮಿಸಿದಳು. ಮಾಮಾ ಒಪ್ಪಿದರು. ನಾನು ಸುಮ್ಮನೆ ಒಪ್ಪುವವಳೇ? ಕರಾರನ್ನು ಕಾಗದದಲ್ಲಿ ಬರೆಸಿ, ಇಬ್ಬರ ಸಹಿ ಹಾಕಿಸಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ.

ಆ ಚಳಿಗಾಲ ಅವರಿಬ್ಬರೂ ಪೈಪಿಗೆ ಮಾಡಿದ ಉಪಚಾರವನ್ನು ಬಾಣಂತಿಗೂ ಮಾಡುವುದಿಲ್ಲ. ಹೊರಗಿನ ಪೈಪಿಗೆಲ್ಲ ಬೂದು ಬಣ್ಣದ ಫೋಮಿನ ಕವಚ ತೊಡಿಸಿ, ಮೇಲೆ ಟೇಪು ಸುತ್ತಿದರು. ಪಂಪಿಗೆ ಮಾಮಾ ಹಲಗೆಯ ಗೂಡು ಕಟ್ಟಿ ಒಳಗೆ ಒಂದು ಬಲ್ಬು ಇಟ್ಟರು. ಕವಚ ಸಾಲದೆ ಉಳಿದ ಒಂದು ಮೂಲೆಗೆ ಅತ್ತೆ ಮಾಮಾನ ಹಳೆಯ ಸ್ವೆಟರು ಸುತ್ತಿದಳು. “ಅದು ನಮ್ಮಮ್ಮ ಹೆಣೆದದ್ದು ಕಣೇ!” ಎಂದು ಮಾಮಾ ಕೂಗಿದರು. “ಅವರ ಕೈಗುಣಾ ಛಲೋ ಐತಿ, ಪೈಪ್ ಬೆಚ್ಚಗಿರ್ತೈತಿ,” ಅಂದಳು ಅತ್ತೆ. ಇಷ್ಟಾದ ಮೇಲೂ, ಪೈಪು ಮನೆಯ ಅಡಿಯಿಂದ ಬಚ್ಚಲ ಗೋಡೆಯೊಳಗೆ ಹೋಗುವ ಕಡೆ ಎರಡು ಗೇಣು, ಕೈ ಹೋಗದ ಸಂದಿಯಲ್ಲಿ ಬರಿಮೈಯಲ್ಲೇ ಉಳಿಯಿತು. ಅಡುಗೆಮನೆಗೂ ನೀರು ಹೋಗುವುದು ಅದೇ ಪೈಪಿನಿಂದ. ಅದಕ್ಕೆ ಇರುವುದು ಒಂದೇ ಉಪಾಯ: ಚಳಿ ಹೆಚ್ಚಾದ ರಾತ್ರಿ ಬಚ್ಚಲ ನಲ್ಲಿಯನ್ನು ದಾರದಷ್ಟು ಸಣ್ಣಗೆ ಬಿಟ್ಟಿಡುವುದು. ಹರಿಯುವ ನೀರು ಬೇಗ ಹೆಪ್ಪುಗಟ್ಟುವುದಿಲ್ಲ.

ನೀವೇ ಹೇಳಿ, ಎಂಟು ದಿನಕ್ಕೊಮ್ಮೆ ನಳ ಬರುತ್ತಿದ್ದ ಊರಿನ ಹೆಂಗಸಿಗೆ ರಾತ್ರಿಯಿಡೀ ನಲ್ಲಿ ಬಿಟ್ಟಿಡು ಎನ್ನುವುದು ಎಂಥ ಶಿಕ್ಷೆ! ಅತ್ತೆ ಕೆಳಗೆ ಬಕೆಟು ಇಡುತ್ತಿದ್ದಳು. ತುಂಬಿದ್ದನ್ನು ಆಡಿನ ತೊಟ್ಟಿಗೆ, ನಿಂಬೆ ಗಿಡಕ್ಕೆ ಸುರಿಯುತ್ತಿದ್ದಳು. ಡಿಸೆಂಬರಿನಲ್ಲಿ ಅಂಥ ರಾತ್ರಿಗಳು ಐದಾರು ಬಂದವು. ಪ್ರತಿ ಸಲವೂ ನೀರು ಉಳಿಯಿತು, ಅತ್ತೆಯ ನಿದ್ದೆ ಉಳಿಯಲಿಲ್ಲ.

ಸಂಕ್ರಾಂತಿಯ ಹಿಂದಿನ ಸಂಜೆ ನಾನು ಊಟದ ಮೇಜಿನಲ್ಲಿ ನನ್ನ ವಾದ ಮಂಡಿಸಿದೆ. ಐದಾರು ರಾತ್ರಿ ನಲ್ಲಿ ಬಿಟ್ಟಿರಿ, ಐದಾರು ರಾತ್ರಿ ಪೈಪು ಉಳಿಯಿತು. ಬಿಡದಿದ್ದರೆ ಉಳಿಯುತ್ತಿರಲಿಲ್ಲ ಎನ್ನುವುದಕ್ಕೆ ಪುರಾವೆ ಏನು? ಕೋಳಿ ಕೂಗಿದ್ದಕ್ಕೇ ಬೆಳಗಾಯಿತು ಎಂದಂತಲ್ಲವೇ? ಬರಗಾಲದ ಹೆಸರು ಕೇಳಿದರೆ ಬೆಚ್ಚುವ ನಾಡಿನಲ್ಲಿ ಹೀಗೆ ನೀರು ಬಿಡುವುದು ಸರಿಯೇ? ಹತ್ತು ನಿಮಿಷ ಮಾತಾಡಿದೆ. ಉಪಸಂಹಾರವೂ ಇತ್ತು.

ಮಾಮಾ ರೊಟ್ಟಿ ಮುರಿಯುತ್ತ, “ಚೆನ್ನಾಗಿ ಮಾತಾಡ್ತೀಯ ಕಣಮ್ಮ,” ಅಂದರು. ಅತ್ತೆ ಮಾತ್ರ ನನ್ನ ಮುಖ ನೋಡಿ, “ಎಲ್ಲಾ ಖರೇ. ಉತ್ತರಾ ಕೊಡಾಕ ನನಗ ಬರೂದಿಲ್ಲ. ನಳ ಮಾತ್ರ ಬಿಡಾಕಿನಽ,” ಅಂದಳು. ಹೋಗಿ ನಲ್ಲಿ ಸಣ್ಣಗೆ ಬಿಟ್ಟಳು. ಒಂಬತ್ತಕ್ಕೆ ಕಣ್ಣು ಎಳೆಯತೊಡಗಿದಾಗ, ನಿದ್ದೆಗೆಟ್ಟ ಮುಖ ಹೊತ್ತು ನನ್ನ ಕೋಣೆಗೆ ಬಂದು, “ಇವತ್ತೊಂದಿನ ಬಕೆಟ್ ನೀ ನೋಡಿಕೋತೀ ಏನವಾ? ತುಂಬಿದ್ರ ಬದಲಿ ಇಡು,” ಎಂದು ಕೇಳಿ ಮಲಗಲು ಹೋದಳು. ಸಿದ್ಧಾಂತದಲ್ಲಿ ನಂಬಿಕೆಯಿಲ್ಲದಿದ್ದರೂ ಕೆಲಸ ಒಪ್ಪಿಕೊಂಡೆ.

ಬೆಳಗ್ಗೆ ಏಳೂವರೆ. ನಮ್ಮ ಕಡೆ ಸಂಕ್ರಾಂತಿಗೆ ಎಳ್ಳು ಅರೆದು ಮೈಗೆ ಹಚ್ಚಿಕೊಂಡು ಎರೆದುಕೊಳ್ಳುವುದು ಪದ್ಧತಿ. ಎಳ್ಳಿಗೂ ಚರ್ಮಕ್ಕೂ ಏನು ಸಂಬಂಧ ಎಂದು ಎತ್ತಿದ ನನ್ನ ಆಕ್ಷೇಪಣೆಯ ಮೇಲೇ ಅತ್ತೆ ಎಳ್ಳು ಬಳಿದಳು. ಮಾಮಾ ಮೈಸೂರಿನವರಾದರೂ ಹೆಂಡತಿಯ ಕೈಗೆ ಬೋಳುತಲೆ ಒಪ್ಪಿಸಿ ಕೂತಿದ್ದರು. ಮೂವರೂ ಅಂಟುಅಂಟಾಗಿ, ನೊಣ ಬಿದ್ದರೆ ಏಳಲಾರದಂತೆ ಇದ್ದಾಗ ಅತ್ತೆ ಅಡುಗೆಮನೆಯ ನಲ್ಲಿ ತಿರುಗಿಸಿದಳು.

ನಲ್ಲಿ ಒಮ್ಮೆ ಕೆಮ್ಮಿತು. ಆಮೇಲೆ ಅದೂ ಇಲ್ಲ.

ಅತ್ತೆ ಇನ್ನಷ್ಟು ತಿರುಗಿಸಿದಳು. ಮತ್ತೆ ಬಂದ್ ಮಾಡಿ ಮತ್ತೆ ತಿರುಗಿಸಿದಳು. ಅವಳ ಕಣ್ಣು ಫ್ರಿಜ್ಜಿನ ಬಾಗಿಲಿಗೆ ಹೋದದ್ದನ್ನು ನಾನು ನೋಡಿದೆ. ಮನೆ ಹೋಯಿತು ಎಂಬುದು ಎಳ್ಳು ಬಳಿದ ಆ ಮುಖದಲ್ಲೂ ಸ್ಪಷ್ಟವಾಗಿ ಓದುವಂತಿತ್ತು.

ಮಾಮಾ ಆಗಲೇ ಎದ್ದಿದ್ದರು. ಎಳ್ಳಿನ ಮೈ ಮೇಲೇ ಆಫೀಸಿನ ಜಾಕೆಟು ಏರಿಸಿ, ಅತ್ತೆಯ ಹೇರ್ ಡ್ರೈಯರು, ಉದ್ದದ ವೈರು ಹಿಡಿದು, “ಬಾ ಮಗು, ಟಾರ್ಚ್ ಹಿಡಿ,” ಅಂದರು. ಮನೆಯ ಅಡಿಯಲ್ಲಿ ತೆವಳಿಕೊಂಡು ಹೋಗುವಷ್ಟು ಜಾಗವಿದೆ. ಐವತ್ತೈದರ ಮನುಷ್ಯ ಮಣ್ಣಿನಲ್ಲಿ ಹೊಟ್ಟೆ ಎಳೆಯುತ್ತ ಹೋದರು. ಅವರ ಬೋಳುತಲೆಗೆ ಒಂದು ಓಕ್ ಎಲೆ ಅಂಟಿಕೊಂಡು ಜೊತೆಗೇ ಹೋಯಿತು. ಹಿಂದೆ ನಾನು. ಆ ಎರಡು ಗೇಣಿನ ಜಾಗದಲ್ಲಿ ಪೈಪಿನ ಮೇಲೆ ಬಿಳಿಯ ಪುಡಿಯಂತೆ ಇಬ್ಬನಿ ಹೆಪ್ಪುಗಟ್ಟಿತ್ತು.

ಅಷ್ಟರಲ್ಲಿ ಹಿಂದಿನಿಂದ ಅತ್ತೆ ಬಂದಳು. ಕೊಡದ ನೀರನ್ನು ಕೊತಕೊತ ಕುದಿಸಿ ಪಾತ್ರೆಯಲ್ಲಿ ತಂದಿದ್ದಳು. “ಸರೀರಿ, ಸುರೀತೀನಿ!”

“ಪದ್ದು, ಬೇಡ! ಬೇಡಾ ಅಂದೆ! ಪೈಪ್ ಸೀಳ್ಹೋಗತ್ತೆ!” ಮೆಲುಮಾತಿನ ಮನುಷ್ಯ ಹಾಗೆ ಕೂಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. “ಹೋಗು ಒಳಗೆ. ಆ ನೀರಲ್ಲಿ ಸ್ನಾನ ಮಾಡು. ಇದು ನಿಧಾನಕ್ಕೇ ಆಗ್ಬೇಕು.”

ಅತ್ತೆ ಹೋದಳು. ನನ್ನ ತಲೆಯಲ್ಲಿದ್ದ ತರಬೇತಿ ಪಡೆದ ಹುಳ ಆಗ ಎದ್ದಿತು.

“ಮಾಮಾ, ಒಂದು ಕೇಳಲೇ? ಅತ್ತಿ ಸುರಿದಿದ್ದರೆ ಪೈಪು ಒಡೀತಿತ್ತು. ಒಡೆದಿದ್ದರೆ ನಿಮ್ಮ ಪಕ್ಷಕ್ಕೇ ಬಲ. ನೀವು ನಿಮ್ಮ ವಿರುದ್ಧವೇ ಕೆಲಸ ಮಾಡ್ತಿದ್ದೀರಿ.”

“ಟಾರ್ಚ್ ಸ್ವಲ್ಪ ಎಡಕ್ಕೆ,” ಅಂದರು ಮಾಮಾ. ಆಮೇಲೆ, “ಒಂದು ಕೆಲಸ ಮಾಡು. ಹೋಗಿ ಬಚ್ಚಲ ನಲ್ಲಿ ಪೂರ್ತಿ ತೆಗೆದಿಡು. ಕರಗಿದ ನೀರಿಗೆ ಹೊರಗೆ ಹೋಗೋಕೆ ದಾರಿ ಇರ್ಬೇಕು.”

ಒಳಗೆ ಹೋದೆ. ಬಚ್ಚಲ ನಲ್ಲಿಗೆ ಕೈ ಹಾಕಿದೆ. ಬಿಗಿಯಾಗಿ ಬಂದ್ ಆಗಿತ್ತು. ಕೆಳಗೆ ಬಕೆಟು, ಅದರಲ್ಲಿ ಕಾಲು ಭಾಗ ನೀರು.

ಒಂದು ನಿಮಿಷ ನಾನು ಅತ್ತೆಯನ್ನು ಅನುಮಾನಿಸಿದೆ. ಅರ್ಧ ನಿಮಿಷ ಮಾಮಾನನ್ನು. ಆಮೇಲೆ ಕನ್ನಡಿಯ ಕೆಳಗಿದ್ದ ನನ್ನ ಹಲ್ಲುಜ್ಜುವ ಬ್ರಷ್ಷು ಕಂಡಿತು. ಮಲಗುವ ಮುನ್ನ ಅಲ್ಲೇ ಹಲ್ಲುಜ್ಜಿದ್ದೆ, ಆ ಸಣ್ಣ ಧಾರೆಯಲ್ಲೇ ಬಾಯಿ ಮುಕ್ಕಳಿಸಿದ್ದೆ, ಆಮೇಲೆ ನನ್ನ ಕೈ, ಯಾರನ್ನೂ ಕೇಳದೆ, ನಲ್ಲಿಯನ್ನು ಬಿಗಿಯಾಗಿ ತಿರುಗಿಸಿತ್ತು. ಅದರ ಹಿಂದೆ ವಾದವಿರಲಿಲ್ಲ, ಹಟವಿರಲಿಲ್ಲ. ನಮ್ಮ ಮನೆಯಲ್ಲಿ ಸುಳ್ಳು ಹೇಳಿದರೆ ಬೈಗುಳ, ನಳ ಬಿಟ್ಟು ಬಂದರೆ ಏಟು. ಇಪ್ಪತ್ತು ವರ್ಷ ಹಾಗೆ ಬೆಳೆದ ಕೈ ತನ್ನ ಧರ್ಮ ತಾನು ಪಾಲಿಸಿತ್ತು. ವಿಚಾರ ಮಾಡದೆ ಏನನ್ನೂ ಮಾಡೆನೆಂದು ಜಂಬ ಪಡುತ್ತಿದ್ದವಳ ಕೈ!

ಯಾರೂ ನೋಡಿರಲಿಲ್ಲ. ಎದುರಾಳಿಗೆ ಗೊತ್ತಿಲ್ಲದ ನಮ್ಮ ದೌರ್ಬಲ್ಯವನ್ನು ನಾವಾಗಿ ಎತ್ತಿ ತೋರಿಸಬಾರದು ಎನ್ನುವುದು ಚರ್ಚಾಸ್ಪರ್ಧೆಯ ಮೊದಲ ಪಾಠ. ನಲ್ಲಿಯನ್ನು ಪೂರ್ತಿ ತೆಗೆದಿಟ್ಟೆ. ಪಾಠವನ್ನು ನೆನಪಿಸಿಕೊಳ್ಳುತ್ತ ಮತ್ತೆ ಮನೆಯ ಅಡಿ ನುಗ್ಗಿದೆ. ಮಾಮಾ ಡ್ರೈಯರನ್ನು ಬಚ್ಚಲ ಕಡೆಯಿಂದ ಶುರು ಮಾಡಿ ಅಂಗುಲ ಅಂಗುಲವಾಗಿ ಹಿಂದಕ್ಕೆ ಸರಿಸುತ್ತಿದ್ದರು, ಮಗುವಿನ ತಲೆ ಒಣಗಿಸುವಂತೆ. ಅವರ ಕಿವಿಯ ಹಿಂದೆ ಎಳ್ಳು ಒಣಗಿ ಸಿಪ್ಪೆಯೆದ್ದಿತ್ತು. ಗೆಲ್ಲಬೇಕಾದವರು ಹೀಗೆ ಮಣ್ಣಲ್ಲಿ ಮಲಗಿರುವಾಗ ನನ್ನ ಪಾಠ ಯಾವ ಪುಟದಲ್ಲಿತ್ತೆಂದು ಮರೆತೇ ಹೋಯಿತು.

“ಮಾಮಾ, ನಲ್ಲಿ ಬಂದ್ ಮಾಡಿದ್ದು ನಾನು.”

ಡ್ರೈಯರು ಒಂದು ಕ್ಷಣ ನಿಂತಲ್ಲೇ ನಿಂತಿತು. “ಬೇಕು ಅಂತ?”

“ಅಲ್ಲ. ಹಲ್ಲುಜ್ಜಿ.”

ಅವರ ಬೆನ್ನು ಅಲುಗಾಡತೊಡಗಿತು. ಚಳಿಗೆ ನಡುಗುತ್ತಿದ್ದಾರೆಂದುಕೊಂಡೆ. ನಗುತ್ತಿದ್ದರು. “ಹತ್ತು ನಿಮಿಷದ ಭಾಷಣದಲ್ಲಿ ಆಗದ್ದನ್ನ ಹಲ್ಲುಜ್ಜಿ ಮಾಡ್ಬಿಟ್ಟೆಯಲ್ಲಮ್ಮ! ಇರ್ಲಿ. ನಿಮ್ಮತ್ತೆಗೆ ನೀನೇ ಹೇಳ್ಬೇಕು. ನಾನು ಹೇಳಲ್ಲ.”

ಇಪ್ಪತ್ತು ನಿಮಿಷದ ಮೇಲೆ ಪೈಪಿನೊಳಗೆ ಏನೋ ಜಾರಿದ ಸದ್ದು. ಮೇಲೆ ಬಚ್ಚಲಲ್ಲಿ ನಲ್ಲಿ ಉಗುಳಿತು, ಸೀನಿತು, ಆಮೇಲೆ ಧೋ ಎಂದು ಸುರಿಯಿತು. ಪೈಪು ಎಲ್ಲೂ ಒಡೆದಿರಲಿಲ್ಲ.

ಒಳಗೆ ಅತ್ತೆ ಇನ್ನೂ ಎಳ್ಳಿನ ಮೈಯಲ್ಲೇ ಇದ್ದಳು. ಕೈಯಲ್ಲಿ ಫ್ರಿಜ್ಜಿನ ಮೇಲಿದ್ದ ಕಾಗದ. “ಮುಗೀತು,” ಅಂದಳು. “ಮೂರಕ್ಕ ಮೂರೂ ನಿಂತ್ವು. ಆಡು ಯಾರಿಗೆ ಕೊಡೂದು ನೋಡ್ರಿ.”

“ಅತ್ತಿ, ತಡಿ. ಈ ಪಂಚಾಯ್ತಿ ರದ್ದು. ನಲ್ಲಿ ಬಂದ್ ಮಾಡಿದಾಕಿ ನಾನು.” ಹೇಳಿದೆ, ಬ್ರಷ್ಷಿನ ಸಮೇತ ಎಲ್ಲವನ್ನೂ ಹೇಳಿದೆ.

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಬಂದ್ ಮಾಡಾಕಿ ನೀನಽ, ನ್ಯಾಯ ಹೇಳಾಕಿ ನೀನಽ! ನಿನಗ ಕಪ್ ಕೊಟ್ಟವರಿಗೆ ಬುದ್ಧಿ ಇತ್ತೇನು?” ಇನ್ನೂ ಬೈಯಲಿ ಎಂದು ಕಾದೆ. ಬೈಯಲಿಲ್ಲ. ಕಾಗದವನ್ನು ಮಡಚುತ್ತ, “ಆದ್ರ ನಳ ಕಾಯೂ ಕೆಲಸ ನಂದು. ನಿನ್ನ ಕೈಯಾಗ ಕೊಟ್ಟು ಮಲಗಿದಾಕಿ ನಾನು. ಮಾತು ಅಂದ್ರ ಮಾತು. ನಾ ಸೋತೆ,” ಅಂದಳು.

ಮಾಮಾ ಬಾಗಿಲಲ್ಲಿ ನಿಂತು ಮೊಣಕಾಲಿನ ಮಣ್ಣು ಕೊಡವುತ್ತಿದ್ದರು. “ಹಾಗಾದ್ರೆ ನಾನು ಗೆದ್ದೆ ಅಂತ ಒಪ್ಕೊಂಡೆ?”

“ಒಪ್ಪಿದೆ.”

“ಸರಿ. ಗೆದ್ದೋನು ಹೇಳ್ತಿದೀನಿ, ಮನೆ ಮಾರಲ್ಲ.”

“ಮಾಮಾ, ಕರಾರಿನಲ್ಲಿ ಹಾಗೆ ಬರೆದಿಲ್ಲ...” ಎಂದು ನಾನು ಬಾಯಿ ಹಾಕಿದೆ.

“ನೀ ಸುಮ್ಕಿರು!” ಅತ್ತೆ.

“ನೀನು ಸುಮ್ನಿರಮ್ಮ!” ಮಾಮಾ. ಆ ಮನೆಯಲ್ಲಿ ಅವರಿಬ್ಬರೂ ಒಂದೇ ಉಸಿರಿನಲ್ಲಿ ಒಂದೇ ಮಾತು ಆಡಿದ್ದನ್ನು ಅಂದೇ ಮೊದಲು ಕೇಳಿದ್ದು.

“ಮೂರು ವರ್ಷದಿಂದ ಆ ಪೈಪಿಗೆ ಅಂಗಿ ತೊಡಿಸಿ, ಟೋಪಿ ಹಾಕಿ, ದೀಪ ಇಟ್ಟು ಸಾಕಿದೀನಿ ಪದ್ದು,” ಅಂದರು ಮಾಮಾ. “ಎರಡು ಸಲ ಒಡೀತು, ಕೆಟ್ಟಿತು. ಇವತ್ತು ನನ್ನ ಕೈಯಲ್ಲಿ ಒಡೀದೆ ಉಳೀತು. ಈಗ ಯಾರೋ ಬಂದು ಈ ಮನೆ ತಗೊಂಡು, ನಮ್ಮಮ್ಮನ ಸ್ವೆಟರ್ ಬಿಚ್ಚಿ ಎಸೆಯೋದಾ?”

ಅತ್ತೆ ಹತ್ತಿರ ಬಂದಳು. ಸೊಂಟದಿಂದ ಸೆರಗು ಎಳೆದು ಅವರ ಬೋಳುತಲೆಯ ಮೇಲಿನ ಓಕ್ ಎಲೆ ತೆಗೆದಳು. ಎಳ್ಳು ಒಣಗಿ ಅದು ಭದ್ರವಾಗಿ ಅಂಟಿತ್ತು. ಎಲೆಯ ಆಕಾರ ತಲೆಯ ಮೇಲೇ ಉಳಿಯಿತು. ಮೂವರೂ ಪಾಳಿಯ ಪ್ರಕಾರ ಸ್ನಾನ ಮಾಡಿದೆವು. ಕೊನೆಯ ಪಾಳಿ ನನ್ನದು. ಶಿಕ್ಷೆ.

ಚರ್ಚಾಸ್ಪರ್ಧೆಯಲ್ಲಿ ಗೆದ್ದು, ಗೆದ್ದ ಕೂಡಲೇ ಎದುರು ಪಕ್ಷದ ನಿಲುವನ್ನೇ ಜಾರಿ ಮಾಡಿದವರನ್ನು ನಾನು ಕಂಡಿರಲಿಲ್ಲ. ಅಂಕ ಹೇಗೆ ಕೊಡುವುದೆಂದು ಇಂದಿಗೂ ಗೊತ್ತಾಗಿಲ್ಲ. ಮಾಮಾನ ನಿಲುವು ಬದಲಾದದ್ದು ಯಾವಾಗ? ಅಡಿಯಲ್ಲಿ ಮಲಗಿದ್ದಾಗಲೋ, ಅತ್ತೆ ‘ನಾ ಸೋತೆ’ ಅಂದಾಗಲೋ, ಮೊದಲ ವರ್ಷ ಗೂಡು ಕಟ್ಟುವ ಯೋಚನೆ ಬಂದಾಗಲೋ? ಕೇಳಿದರೆ ಹೇಳುತ್ತಿದ್ದರೇನೋ. ಅವರಿಗೂ ಗೊತ್ತಿರಲಿಕ್ಕಿಲ್ಲ.

ಇಂದು ಬೆಳಗ್ಗೆ ಆ ಎಚ್ಚರಿಕೆ ಓದಿ ಮುಗಿಸುವಷ್ಟರಲ್ಲಿ ಅತ್ತೆಯ ಫೋನು ಬಂತು. ಸಿಗ್ನಲಿಗಾಗಿ ಗುಡ್ಡ ಹತ್ತಿ ನಿಂತು ಮಾಡಿದ್ದಳು, ಏದುಸಿರು ಕೇಳುತ್ತಿತ್ತು. “ಶನಿವಾರ ಬರ್ತೀಯಿಲ್ಲ? ಎಳ್ಳು ನೆನಸೀನಿ. ಆದ್ರ ಒಂದು ಮಾತು. ರಾತ್ರಿ ನೀ ಹಲ್ಲು ತಿಕ್ಕಾಕ ಹ್ವಾದ್ರ ಮಾಮಾ ಬಾಗಲದಾಗ ನಿಂದರತಾರ.”

ಹಿಂದಿನಿಂದ ಮಾಮಾನ ದನಿ: “ಮುಕ್ಕಳಿಸಿದ್ಮೇಲೆ ಎರಡೂ ಕೈ ಮೇಲೆತ್ತಿ ಹೊರಗೆ ಬರ್ಬೇಕು ಅಂತ ಹೇಳು!”

“ಆಯ್ತು ಅತ್ತಿ,” ಅಂದೆ. ಅಷ್ಟೇ ಅಂದೆ. ಎದುರು ವಾದ ಹೊಳೆಯಲಿಲ್ಲವೆಂದಲ್ಲ. ಮೂರು ಹೊಳೆದವು, ಅವುಗಳಲ್ಲಿ ಎರಡು ತಕ್ಕಮಟ್ಟಿಗೆ ಗಟ್ಟಿಯೂ ಇದ್ದವು.